ಲ್ಯಾಪ್‌ಟಾಪಿಗೆ ಇ-ಸಿಮ್ ಹಾಕಿಸಿ, ಆದರೆ ನಿಮ್ಮ ಮುಖ್ಯ ನಂಬರನ್ನು ಅಲ್ಲ

ಕಳೆದ ಮಳೆಗಾಲದಲ್ಲಿ ಒಬ್ಬರು ಹೆಂಡತಿಯ ಫೋನಿನಿಂದ ನನಗೆ ಕರೆ ಮಾಡಿದರು. ಸಹಕಾರ ಸಂಘಗಳ ಲೆಕ್ಕಪರಿಶೋಧನೆಗೆಂದು ಸಾಗರ, ಹೊಸನಗರದ ಕಡೆ ತಿರುಗುವವರು. ಹಿಂದಿನ ದಿನವಷ್ಟೇ ತಮ್ಮ ಹೊಸ ಲ್ಯಾಪ್‌ಟಾಪಿನಲ್ಲಿ ಇ-ಸಿಮ್ ಸೌಲಭ್ಯ ಇರುವುದು ಅವರಿಗೆ ತಿಳಿದಿತ್ತು. ಹದಿನೈದು ವರ್ಷದಿಂದ ಬಳಸುತ್ತಿದ್ದ ನಂಬರನ್ನೇ ಇ-ಸಿಮ್‌ಗೆ ಬದಲಿಸಿಕೊಂಡು, ಇಮೇಲಿಗೆ ಬಂದ ಕ್ಯೂಆರ್ ಕೋಡನ್ನು ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಹಿಡಿದಿದ್ದರು. ಲ್ಯಾಪ್‌ಟಾಪಿನಲ್ಲಿ ಇಂಟರ್ನೆಟ್ ಚೆನ್ನಾಗಿಯೇ ಬರುತ್ತಿತ್ತು. ಫೋನಿನಲ್ಲಿ ಮಾತ್ರ ಸಿಗ್ನಲ್ಲೇ ಇರಲಿಲ್ಲ. ಬ್ಯಾಂಕಿನ ಒಟಿಪಿ ಇಲ್ಲ, ಯುಪಿಐ ಇಲ್ಲ, ಮಗಳ ಕಾಲೇಜು ಶುಲ್ಕ ಕಟ್ಟಲು ಅಂದೇ ಕೊನೆಯ ದಿನ.

ಅವರನ್ನು ದೂರಲು ನನಗೆ ಮನಸ್ಸಾಗಲಿಲ್ಲ. ಇ-ಸಿಮ್ ಹಾಕಿಕೊಳ್ಳುವುದು ಹೇಗೆಂದು ಎಲ್ಲರೂ ಹೇಳುತ್ತಾರೆ. ಹಾಕಿಕೊಂಡ ಮೇಲೆ ಹಳೆಯ ಸಿಮ್ ಏನಾಗುತ್ತದೆ ಎಂಬುದನ್ನು ಅಷ್ಟು ಸ್ಪಷ್ಟವಾಗಿ ಹೇಳುವವರು ಕಡಿಮೆ.

ಇ-ಸಿಮ್ ಎಂದರೆ ಸಾಧನದೊಳಗೆ ಬೆಸುಗೆ ಹಾಕಿ ಕೂರಿಸಿರುವ ಒಂದು ಚಿಕ್ಕ ಚಿಪ್. ಅದಕ್ಕೆ ಇಐಡಿ ಎಂಬ 32 ಅಂಕಿಗಳ ಗುರುತು ಸಂಖ್ಯೆ ಇರುತ್ತದೆ. ಮೊಬೈಲ್ ಕಂಪನಿಯು ಪ್ಲಾಸ್ಟಿಕ್ ಸಿಮ್ಮಿನಲ್ಲಿ ತುಂಬಿ ಕೊಡುತ್ತಿದ್ದ ಗುಪ್ತ ಕೀಲಿಗಳನ್ನೇ ಈಗ ‘ಪ್ರೊಫೈಲ್’ ಎಂಬ ಕಡತವಾಗಿ ಇಂಟರ್ನೆಟ್ ಮೂಲಕ ಆ ಚಿಪ್ಪಿಗೆ ಇಳಿಸುತ್ತದೆ. ಕ್ಯೂಆರ್ ಕೋಡಿನಲ್ಲಿ ಸಿಮ್ ಇರುವುದಿಲ್ಲ. ಪ್ರೊಫೈಲ್ ಯಾವ ಸರ್ವರಿನಲ್ಲಿದೆ, ಯಾವ ಸಂಕೇತ ಕೊಟ್ಟರೆ ಸಿಗುತ್ತದೆ ಎಂಬ ವಿಳಾಸ ಮಾತ್ರ ಇರುತ್ತದೆ. ಆದ್ದರಿಂದಲೇ ಮೊದಲ ಸಲ ಪ್ರೊಫೈಲ್ ಇಳಿಸಲು ವೈಫೈ ಬೇಕು. ಒಮ್ಮೆ ಇಳಿಸಿದ ಕೋಡು ಸಾಮಾನ್ಯವಾಗಿ ಮತ್ತೆ ಕೆಲಸಕ್ಕೆ ಬರುವುದಿಲ್ಲ.

ಪ್ರೊಫೈಲ್ ಲ್ಯಾಪ್‌ಟಾಪಿನಲ್ಲಿ ಜೀವ ಪಡೆದ ಗಳಿಗೆಗೆ ಫೋನಿನಲ್ಲಿರುವ ಹಳೆಯ ಸಿಮ್ ಬರಿಯ ಪ್ಲಾಸ್ಟಿಕ್ ಚೂರಾಗುತ್ತದೆ. ಕೈಗಡಿಯಾರಕ್ಕೂ ಫೋನಿಗೂ ಒಂದೇ ನಂಬರ್ ಇರುವುದನ್ನು ನೋಡಿದವರು ಲ್ಯಾಪ್‌ಟಾಪಿಗೂ ಹಾಗೆಯೇ ಎಂದುಕೊಳ್ಳುತ್ತಾರೆ. ಅದು ಕೆಲವು ಗಡಿಯಾರಗಳಿಗಾಗಿ ಕಂಪನಿಗಳು ಮಾಡಿರುವ ಬೇರೆಯೇ ಏರ್ಪಾಡು. ಲ್ಯಾಪ್‌ಟಾಪಿಗೆ ಹೋದ ನಂಬರು ಲ್ಯಾಪ್‌ಟಾಪಿನಲ್ಲಿಯೇ ಇರುತ್ತದೆ. ಅಲ್ಲಿಗೆ ಮಾಮೂಲಿ ಫೋನ್ ಕರೆ ಬರುವುದಿಲ್ಲ. ಎಸ್‌ಎಂಎಸ್ ಬಂದರೂ ಕಣ್ಣಿಗೆ ಬೀಳುತ್ತದೆಂಬ ಖಾತರಿಯಿಲ್ಲ. ಯುಪಿಐ ಆ್ಯಪ್‌ಗಳು ನೋಂದಾಯಿಸಿದ ನಂಬರಿನ ಸಿಮ್ ಅದೇ ಫೋನಿನಲ್ಲಿ ಇರಬೇಕೆಂದು ಬಯಸುತ್ತವೆ.

ಹಿಂದಕ್ಕೆ ಬರುವ ದಾರಿಯೂ ಸಲೀಸಲ್ಲ. ಮಳಿಗೆಗೆ ಹೋಗಿ, ಆಧಾರ್ ಕೊಟ್ಟು, ಹೊಸ ಸಿಮ್ ಪಡೆಯಬೇಕು. ಸಿಮ್ ಬದಲಾಯಿಸಿದ ಮೇಲೆ 24 ಗಂಟೆ ಆ ನಂಬರಿನ ಎಸ್‌ಎಂಎಸ್ ತಡೆಹಿಡಿಯಬೇಕೆಂಬ ನಿಯಮವಿದೆ. ವಂಚಕರು ಬೇರೆಯವರ ನಂಬರನ್ನು ತಮ್ಮ ಸಿಮ್ಮಿಗೆ ಎಳೆದುಕೊಂಡು ಒಟಿಪಿ ಕದಿಯುವುದನ್ನು ತಪ್ಪಿಸಲು ತಂದ ನಿಯಮ ಅದು, ಬೇಕಾದದ್ದೇ. ಆದರೆ ನಮ್ಮ ಲೆಕ್ಕಪರಿಶೋಧಕರಿಗೆ ಅಂದು ಆ ಒಂದು ದಿನವೇ ಭಾರವಾಯಿತು. ಶುಲ್ಕವನ್ನು ಅವರ ತಮ್ಮ ಕಟ್ಟಿದರು.

ಇದೇ ಕಾರಣಕ್ಕೆ ನಾನು ಎಲ್ಲರಿಗೂ ಹೇಳುವುದು: ಲ್ಯಾಪ್‌ಟಾಪಿಗೆ ಪ್ರತ್ಯೇಕ ನಂಬರ್ ಪಡೆಯಿರಿ. ನಮ್ಮಲ್ಲಿ ಮುಖ್ಯ ನಂಬರ್ ಎಂದರೆ ಬ್ಯಾಂಕು, ಆಧಾರ್, ಗ್ಯಾಸ್, ಮಕ್ಕಳ ಶಾಲೆ ಎಲ್ಲದರ ಬಾಗಿಲ ಕೀಲಿ. ಲ್ಯಾಪ್‌ಟಾಪಿಗೆ ಬೇಕಿರುವುದು ಬರಿಯ ಡೇಟಾ. ಒಬ್ಬರ ಹೆಸರಿನಲ್ಲಿ ಕರ್ನಾಟಕದಲ್ಲಿ 9 ಸಂಪರ್ಕಗಳವರೆಗೆ ಪಡೆಯಬಹುದು. ನಿಮ್ಮ ಹೆಸರಿನಲ್ಲಿ ಈಗಾಗಲೇ ಎಷ್ಟಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಬಹುದು. ನಾನು ಅನುಸರಿಸುವ ಕ್ರಮ ಹೀಗಿದೆ. ಹೊಸ ನಂಬರನ್ನು ಮೊದಲು ಮಾಮೂಲಿ ಸಿಮ್ಮಾಗಿಯೇ ಕೊಂಡು ಎರಡು ದಿನ ಫೋನಿನ ಎರಡನೇ ಕಿಂಡಿಯಲ್ಲಿ ಇಡುತ್ತೇನೆ. ಕಂಪನಿಯ ಆ್ಯಪ್‌ನಲ್ಲಿ ಆ ನಂಬರಿನಿಂದ ಲಾಗಿನ್ ಆಗಿ, ಇಮೇಲ್ ವಿಳಾಸ ಸೇರಿಸಿ, ರೀಚಾರ್ಜ್ ಮಾಡುತ್ತೇನೆ. ಆಮೇಲೆಯೇ ಇ-ಸಿಮ್‌ಗೆ ಬದಲಿಸಿ ಲ್ಯಾಪ್‌ಟಾಪಿಗೆ ಇಳಿಸುತ್ತೇನೆ. ಒಟಿಪಿ ಬೇಕಾಗುವ ಕೆಲಸಗಳೆಲ್ಲ ನಂಬರ್ ಫೋನಿನಲ್ಲಿ ಇರುವಾಗಲೇ ಮುಗಿದಿರುತ್ತವೆ.

ಇಷ್ಟೆಲ್ಲ ತಾಪತ್ರಯ ಏಕೆ, ಫೋನಿನ ಹಾಟ್‌ಸ್ಪಾಟ್ ಸಾಲದೇ ಎಂದು ಕೇಳುವವರಿದ್ದಾರೆ. ದಿನಕ್ಕೆ ಒಂದು ಗಂಟೆ ಇಮೇಲ್ ನೋಡುವವರಿಗೆ ಖಂಡಿತ ಸಾಕು, ಅವರು ಈ ಗೋಜಿಗೆ ಬರುವುದೇ ಬೇಡ. ಇಡೀ ದಿನ ಊರೂರು ಸುತ್ತುವವರ ಕಷ್ಟ ಬೇರೆ. ಫೋನು ಬಿಸಿಯಾಗುತ್ತದೆ, ಮಧ್ಯಾಹ್ನಕ್ಕೆ ಬ್ಯಾಟರಿ ಖಾಲಿಯಾಗುತ್ತದೆ. ಇದಕ್ಕಿಂತ ದೊಡ್ಡ ಲಾಭ ನನಗೆ ಕಂಡಿರುವುದು ಮಲೆನಾಡಿನಲ್ಲಿ. ಒಂದು ಊರಿನಲ್ಲಿ ಒಂದೇ ಕಂಪನಿಯ ಟವರ್, ಘಾಟಿ ಇಳಿದರೆ ಇನ್ನೊಂದರದು. ಫೋನಿನಲ್ಲಿ ಒಂದು ಕಂಪನಿ, ಲ್ಯಾಪ್‌ಟಾಪಿನಲ್ಲಿ ಮತ್ತೊಂದು ಕಂಪನಿ ಇದ್ದರೆ ಎರಡರಲ್ಲಿ ಒಂದಾದರೂ ಕೈಹಿಡಿಯುತ್ತದೆ. ಪ್ರತ್ಯೇಕ ನಂಬರ್ ಪಡೆಯುವಾಗ ಫೋನಿನದೇ ಕಂಪನಿಯನ್ನು ಆರಿಸಬೇಡಿ ಎನ್ನುವುದು ಅದಕ್ಕೇ.

ಇನ್ನು ಲ್ಯಾಪ್‌ಟಾಪಿನ ವಿಷಯ. ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಮೊಬೈಲ್ ಮೋಡೆಮ್, ಅಂದರೆ ಟವರಿನ ಸಿಗ್ನಲ್ ಹಿಡಿಯುವ ಭಾಗ, ಇರುವುದಿಲ್ಲ. ಮ್ಯಾಕ್‌ಬುಕ್‌ಗಳಲ್ಲಿ ಇಲ್ಲವೇ ಇಲ್ಲ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು ನೆಟ್‌ವರ್ಕ್ ವಿಭಾಗಕ್ಕೆ ಹೋಗಿ. ಅಲ್ಲಿ ‘ಸೆಲ್ಯುಲರ್’ ಎಂಬ ಸಾಲು ಇದ್ದರೆ ಮೋಡೆಮ್ ಇದೆ, ಅದರೊಳಗೆ ಇ-ಸಿಮ್ ಪ್ರೊಫೈಲ್‌ಗಳ ಆಯ್ಕೆ ಇದ್ದರೆ ಇ-ಸಿಮ್ ಇದೆ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ನಂಥ ಕಚೇರಿ ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಹೆಸರಿನ ಮಾದರಿ ಮೋಡೆಮ್ ಇರುವುದೂ ಇಲ್ಲದಿರುವುದೂ ಎರಡೂ ಬರುತ್ತವೆ. ಆಮೇಲೆ ಹಾಕಿಸಿಕೊಂಡರಾಯಿತು ಎಂದುಕೊಳ್ಳಬೇಡಿ. ಮೋಡೆಮ್ ಇಲ್ಲದ ಮಾದರಿಯಲ್ಲಿ ಆಂಟೆನಾದ ತಂತಿಗಳನ್ನೇ ಎಳೆದಿರದಿರಬಹುದು. ಅಂಗಡಿಯಲ್ಲಿ ‘5ಜಿ ಇದೆ ಸಾರ್’ ಎಂದರೆ ಎರಡು ಸಲ ಕೇಳಿ, ಅವರು ಹೇಳುತ್ತಿರುವುದು 5 ಗಿಗಾಹರ್ಟ್ಸ್ ವೈಫೈ ಆಗಿರಬಹುದು. ಈ ಗೊಂದಲದಲ್ಲಿ ಹಣ ಕಳೆದುಕೊಂಡ ಮೂವರನ್ನು ನಾನೇ ಕಂಡಿದ್ದೇನೆ.

ವಿದೇಶದಿಂದ ತಂದ ಲ್ಯಾಪ್‌ಟಾಪ್ ಆದರೆ ಮೋಡೆಮ್ ಯಾವ ಬ್ಯಾಂಡ್‌ಗಳನ್ನು (ಸಿಗ್ನಲ್ ಸಾಗುವ ಆವರ್ತನದ ಪಟ್ಟಿಗಳನ್ನು) ಹಿಡಿಯುತ್ತದೆ ಎಂದು ನೋಡಲೇಬೇಕು. ಹಳ್ಳಿಗಳಲ್ಲಿ ದೂರ ಸಾಗುವುದು, ಗೋಡೆ ದಾಟಿ ಒಳಬರುವುದು ಕಡಿಮೆ ಆವರ್ತನದ ಸಿಗ್ನಲ್. ಜಿಯೋದಲ್ಲಿ ಅದು 850 ಮೆಗಾಹರ್ಟ್ಸ್, ಅಂದರೆ ಬ್ಯಾಂಡ್ 5. ಏರ್‌ಟೆಲ್‌ನಲ್ಲಿ 900 ಮೆಗಾಹರ್ಟ್ಸ್, ಬ್ಯಾಂಡ್ 8. ನಿಮ್ಮ ಲ್ಯಾಪ್‌ಟಾಪ್ ಮಾದರಿಗೆ ಇ-ಸಿಮ್ ಕೊಡುತ್ತೀರಾ ಎಂದು ಮೊಬೈಲ್ ಕಂಪನಿಯನ್ನೂ ಮೊದಲೇ ಕೇಳಿಕೊಳ್ಳಿ. ಅಲ್ಲಿ ಕೆಲಸ ಆಗದಿದ್ದರೂ ಇಂಥ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ನ್ಯಾನೋ ಸಿಮ್ ಕಿಂಡಿಯೂ ಇರುತ್ತದೆ, ಅದನ್ನು ಬಳಸಬಹುದು.

ಪ್ರೊಫೈಲ್ ಇಳಿಸಿದ ಮೇಲೂ ಇಂಟರ್ನೆಟ್ ಬರದಿದ್ದರೆ ಗಾಬರಿಯಾಗಬೇಡಿ. ಎರಡು ಕಡೆ ನೋಡಿ. ಸೆಲ್ಯುಲರ್ ಪುಟದಲ್ಲಿ ಯಾವ ಸಿಮ್ ಬಳಸಬೇಕೆಂಬ ಆಯ್ಕೆ ಖಾಲಿ ಕಿಂಡಿಯ ಮೇಲೆಯೇ ನಿಂತಿರುತ್ತದೆ, ಅದನ್ನು ಇ-ಸಿಮ್‌ಗೆ ಬದಲಿಸಿ. ಅದಾಗಿದ್ದರೆ ಎಪಿಎನ್, ಅಂದರೆ ಕಂಪನಿಯ ಇಂಟರ್ನೆಟ್ ಬಾಗಿಲಿನ ಹೆಸರು, ಸರಿಯಿದೆಯೇ ನೋಡಿ. ಜಿಯೋಗೆ ‘ಜಿಯೋನೆಟ್’, ಏರ್‌ಟೆಲ್‌ಗೆ ‘ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್’. ಎರಡನ್ನೂ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಬರೆಯಬೇಕು.

ಡೇಟಾ ಖರ್ಚಾಗುವ ವೇಗ ಹಲವರನ್ನು ಬೆಚ್ಚಿಬೀಳಿಸುತ್ತದೆ. ದಿನಕ್ಕೆ 2 ಜಿಬಿ ಫೋನಿಗೆ ಧಾರಾಳ. ಲ್ಯಾಪ್‌ಟಾಪಿನಲ್ಲಿ ಎರಡು ಗಂಟೆ ವಿಡಿಯೊ ಸಭೆ ನಡೆದರೆ ಅಷ್ಟೂ ಮುಗಿಯಬಹುದು. ಮುಗಿದ ಮೇಲೆ ಸಾಮಾನ್ಯವಾಗಿ ಸಿಗುವ ವೇಗ 64 ಕೆಬಿಪಿಎಸ್. ಆ ವೇಗದಲ್ಲಿ ಒಂದು ಎಂಬಿಯ ಕಡತ ಕಳುಹಿಸಲು ಎರಡು ನಿಮಿಷಕ್ಕಿಂತ ಹೆಚ್ಚು ಬೇಕು. ಸೆಲ್ಯುಲರ್ ಪುಟದಲ್ಲಿ ‘ಮೀಟರ್ಡ್ ಕನೆಕ್ಷನ್’ ಆಯ್ಕೆ ಆನ್ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಆಗ ವಿಂಡೋಸ್ ತನ್ನ ದೊಡ್ಡ ಅಪ್‌ಡೇಟ್‌ಗಳನ್ನು ವೈಫೈ ಸಿಗುವವರೆಗೆ ತಡೆದಿಡುತ್ತದೆ. ಒನ್‌ಡ್ರೈವ್, ಗೂಗಲ್ ಡ್ರೈವ್‌ಗಳನ್ನು ನೀವೇ ಕೈಯಾರೆ ನಿಲ್ಲಿಸಿ.

ಲ್ಯಾಪ್‌ಟಾಪಿನ ನಂಬರನ್ನು ರಜೆಯಲ್ಲಿ ಮರೆತುಬಿಡುವವರಿದ್ದಾರೆ. ಪ್ರಿಪೇಯ್ಡ್ ನಂಬರ್ 90 ದಿನ ಬಳಕೆಯಿಲ್ಲದೆ ಇದ್ದರೆ ರದ್ದಾಗಬಹುದು.

ಕೊನೆಯದಾಗಿ, ರಿಪೇರಿ. ಇ-ಸಿಮ್ ಚಿಪ್ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮದರ್‌ಬೋರ್ಡಿನ ಮೇಲೆ, ಕೆಲವುಗಳಲ್ಲಿ ಮೋಡೆಮ್ ಕಾರ್ಡಿನ ಮೇಲೆ ಇರುತ್ತದೆ. ಸರ್ವೀಸ್ ಸೆಂಟರಿನವರು ಆ ಭಾಗವನ್ನು ಬದಲಿಸಿದರೆ ಇಐಡಿ ಬದಲಾಗುತ್ತದೆ, ಪ್ರೊಫೈಲ್ ಹಳೆಯ ಬೋರ್ಡಿನೊಂದಿಗೇ ಹೋಗುತ್ತದೆ. ಹಾಗಾಗಿ ಇಐಡಿಯನ್ನು ಬರೆದಿಟ್ಟುಕೊಂಡು ಲ್ಯಾಪ್‌ಟಾಪ್ ವಾಪಸು ಬಂದಾಗ ಹೋಲಿಸಿ ನೋಡಿ. ಮಾರುವುದಾದರೆ ಪ್ರೊಫೈಲನ್ನು ನೀವೇ ಅಳಿಸಿ ಕೊಡಿ.

ಈ ಮಾರ್ಚಿನಲ್ಲಿ ಅದೇ ಲೆಕ್ಕಪರಿಶೋಧಕರ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಸುಟ್ಟುಹೋಯಿತು. ವರ್ಷದ ಕೊನೆಯ ಲೆಕ್ಕದ ಕಾಲ ಅದು. ಬೋರ್ಡ್ ಬದಲಾದಾಗ ಇ-ಸಿಮ್ ಹೋಯಿತು, ಅದರಲ್ಲಿದ್ದದ್ದು ಡೇಟಾ ನಂಬರ್ ಮಾತ್ರ. ಫೋನಿನಿಂದಲೇ ಯುಪಿಐ ಮೂಲಕ ರಿಪೇರಿ ಹಣ ಕೊಟ್ಟು, ದಾರಿಯಲ್ಲಿ ಮೊಬೈಲ್ ಕಂಪನಿಯ ಮಳಿಗೆಯಲ್ಲಿ ಹೊಸ ಕ್ಯೂಆರ್ ಕೋಡಿಗೆ ಅರ್ಜಿ ಕೊಟ್ಟು, ಅಂದು ಮಧ್ಯಾಹ್ನವೇ ಅವರು ಹೊಸನಗರದ ಬಸ್ ಹತ್ತಿದರು.