ಎಷ್ಟು ಕಿಲೋಮೀಟರ್ ಕಾಣುತ್ತೆ? ಬೈನಾಕ್ಯುಲರ್ ಕೊಳ್ಳುವವರಿಗೆ ಉತ್ತರ

ಪ್ರಶ್ನೆ: ಹಕ್ಕಿ ನೋಡೋಕೆ ಬೈನಾಕ್ಯುಲರ್ ತಗೋಬೇಕು. 8ಎಕ್ಸ್ ಸಾಕಾ, 20ಎಕ್ಸ್ ಬೇಕಾ? ಎಷ್ಟು ಕಿಲೋಮೀಟರ್ ದೂರ ಕಾಣುತ್ತೆ?

ಶಿರಸಿಯವರು, ಕಾರವಾರದವರು, ದಾಂಡೇಲಿಗೆ ಹೊರಟವರು, ಎಲ್ಲರೂ ಕೇಳುವುದು ಇದನ್ನೇ. ಉತ್ತರ ಚಿಕ್ಕದು: 8×42 ತಗೊಳ್ಳಿ. ಕನ್ನಡಕ ಹಾಕುವವರಾದರೆ ಅದನ್ನು ತೆಗೆಯದೆ ಪೂರ್ತಿ ನೋಟ ಸಿಗುತ್ತದಾ ಅಂತ ಅಂಗಡಿಯಲ್ಲೇ ನೋಡಿ. ಒಳಗೆ ನೈಟ್ರೋಜನ್ ತುಂಬಿದ, ನೀರು ಹೋಗದ ಮಾಡೆಲ್ ಆಗಿರಲಿ. ನಮ್ಮ ಮಳೆಗೆ ಬೇರೆ ಯಾವುದೂ ತಾಳುವುದಿಲ್ಲ.

ಇಷ್ಟು ಹೇಳಿದರೂ ಆ ಕಿಲೋಮೀಟರ್ ಪ್ರಶ್ನೆ ಮತ್ತೆ ಬಂದೇ ಬರುತ್ತದೆ. ಹಾಗಾಗಿ ಇವತ್ತು ಅದನ್ನೇ ಬಿಡಿಸಿ ಹೇಳುತ್ತೇನೆ.

ಬೈನಾಕ್ಯುಲರ್‌ಗೆ ಇಷ್ಟೇ ಕಿಲೋಮೀಟರ್ ಅಂತ ಮಿತಿ ಇಲ್ಲ. ಬರಿಗಣ್ಣಿಗೇ ಸುಮಾರು 3.84 ಲಕ್ಷ ಕಿಲೋಮೀಟರ್ ಆಚೆಯ ಚಂದ್ರ ಕಾಣುತ್ತಾನೆ ಅಲ್ವಾ? 8ಎಕ್ಸ್ ಅಂದರೆ 80 ಮೀಟರ್ ದೂರದ ಹಕ್ಕಿ 10 ಮೀಟರ್‌ನಲ್ಲಿ ಕೂತಷ್ಟು ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಹಾಗಾದರೆ 20ಎಕ್ಸ್ ಇನ್ನೂ ಒಳ್ಳೆಯದಲ್ವಾ ಅಂತೀರಿ. ಅಲ್ಲ. ಹಕ್ಕಿಯ ಜೊತೆ ನಿಮ್ಮ ಕೈನಡುಕವೂ 20 ಪಟ್ಟಾಗುತ್ತದೆ. ಸ್ಟ್ಯಾಂಡ್ ಇಲ್ಲದೆ ಹಿಡಿದರೆ ಹಕ್ಕಿಯ ಕಣ್ಣು ಯಾವುದು, ಕೊಕ್ಕು ಯಾವುದು ಅಂತ ತಿಳಿಯುವುದಿಲ್ಲ. ಕಾರವಾರದ ಕಡಲತೀರದಿಂದ ದೇವಗಡ ದ್ವೀಪದ ದೀಪಸ್ತಂಭದತ್ತ ಮಧ್ಯಾಹ್ನ ನೋಡಿದರೆ ಬಿಸಿಗಾಳಿಯ ಅಲುಗಾಟವೂ ತೇವದ ಮಬ್ಬೂ ಜೊತೆಗೇ ದೊಡ್ಡದಾಗುತ್ತವೆ.

ನೋಟದ ಅಗಲವೂ ಹೋಗುತ್ತದೆ. ಸಾಮಾನ್ಯ 8×42ರಲ್ಲಿ 30 ಮೀಟರ್ ದೂರಕ್ಕೆ ಸುಮಾರು 4 ಮೀಟರ್ ಅಗಲ ಕಾಣುತ್ತದೆ. 20×50ರಲ್ಲಿ ಎರಡು ಮೀಟರೂ ಇರುವುದಿಲ್ಲ. ರೆಕ್ಕೆ ಬಿಚ್ಚಿದ ದೊಡ್ಡ ಮಂಗಟ್ಟೆಯೇ (ಗ್ರೇಟ್ ಹಾರ್ನ್‌ಬಿಲ್) ಒಂದೂವರೆ ಮೀಟರ್ ಇರುತ್ತದೆ! ದಾಂಡೇಲಿ ಹತ್ತಿರದ ಗಣೇಶಗುಡಿ ಊರಲ್ಲಿ ಅದು ಮರದಿಂದ ಮರಕ್ಕೆ ಹಾರುವಾಗ ನೀವು ಬರೀ ಎಲೆ ನೋಡುತ್ತಾ ನಿಂತಿರುತ್ತೀರಿ.

ಎಲ್ಲಕ್ಕಿಂತ ದೊಡ್ಡ ವಿಷಯ ಬೆಳಕು. 42 ಅನ್ನುವುದು ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕ. ಅದನ್ನು 8ರಿಂದ ಭಾಗಿಸಿ: 5.25. ನಿಮ್ಮ ಕಣ್ಣಿಗೆ ಬರುವ ಬೆಳಕಿನ ವೃತ್ತ ಅಷ್ಟು ಅಗಲ. 20×50ರಲ್ಲಿ ಅದು ಎರಡೂವರೆ ಮಿಲಿಮೀಟರ್. ಬಯಲಲ್ಲಿ, ಬಿಸಿಲಲ್ಲಿ ಅಷ್ಟು ಸಾಕು. ಆದರೆ ದಟ್ಟ ಕಾಡಿನ ನೆರಳಲ್ಲಿ, ಬೆಳಗಿನ ಮಬ್ಬಿನಲ್ಲಿ ಕಣ್ಣಿನ ಪಾಪೆ ಅಗಲವಾಗಿ ತೆರೆದಿರುತ್ತದೆ. ಅದಕ್ಕೆ ಬೇಕಾದಷ್ಟು ಬೆಳಕು ಬರದಿದ್ದರೆ, ಕೊಂಬೆಯ ಮೇಲೆ ಅಲುಗಾಡದೆ ಕೂತ ಗಂಡು ಮಲಬಾರ್ ಟ್ರೋಗನ್ ಹಕ್ಕಿಯ ಕೆಂಪು ಹೊಟ್ಟೆ ಕಂದು ಕಲೆಯಾಗಿ ಕಾಣುತ್ತದೆ.

ಅಂಗಡಿಯಲ್ಲಿ ಇದನ್ನು ನೀವೇ ಪರೀಕ್ಷಿಸಬಹುದು. ಬೈನಾಕ್ಯುಲರನ್ನು ಕೈ ಚಾಚಿ ದೂರ ಹಿಡಿಯಿರಿ. ಮುಂದಿನ ಗಾಜು ಆಕಾಶದ ಕಡೆ ಇರಲಿ, ಸೂರ್ಯನ ಕಡೆ ಮಾತ್ರ ಬೇಡ. ಕಣ್ಣಿಡುವ ಗಾಜಿನಲ್ಲಿ ಸಣ್ಣ ಬೆಳಕಿನ ಚುಕ್ಕಿ ಕಾಣುತ್ತದೆ. ಅದು ಪೂರ್ತಿ ಗುಂಡಗಿರಬೇಕು. ಅಂಚು ಕತ್ತರಿಸಿದಂತೆ ಚೌಕವಾಗಿದ್ದರೆ ಒಳಗೆ ಬೆಳಕನ್ನು ತಿರುಗಿಸುವ ಗಾಜು, ಅಂದರೆ ಪ್ರಿಸಮ್, ಅಗ್ಗದ್ದು. ಮುಂದಿನ ಗಾಜು ಕೆಂಪಗೆ ಮಿಂಚುತ್ತಿದ್ದರೆ ಅದನ್ನೂ ಅಲ್ಲೇ ಇಟ್ಟು ಬನ್ನಿ. ಹಾಗೆ ಮಿಂಚುವುದು ನಿಮ್ಮ ಕಣ್ಣಿಗೆ ಬರಬೇಕಿದ್ದ ಬೆಳಕೇ. '10ರಿಂದ 30ಎಕ್ಸ್ ಜೂಮ್' ಅಂತ ಬರೆದಿದ್ದರೂ ಬೇಡ.

ಕಾಳಿ ನದಿ ಕಡಲು ಸೇರುವಲ್ಲಿ ಮರಳುದಿಬ್ಬದ ಹಕ್ಕಿಗಳನ್ನು ದೂರದಿಂದ ನೋಡಬೇಕೆನ್ನುವವರಿಗೆ ಮಾತ್ರ ಹೆಚ್ಚಿನ ಎಕ್ಸ್ ಬೇಕು. ಆಗ ಟ್ರೈಪಾಡ್ ಮೇಲಿನ ಸ್ಪಾಟಿಂಗ್ ಸ್ಕೋಪ್ (ಒಂದೇ ಕಣ್ಣಿಟ್ಟು ನೋಡುವ ದೂರದರ್ಶಕ) ಸರಿ, 20ಎಕ್ಸ್ ಬೈನಾಕ್ಯುಲರ್ ಅಲ್ಲ.

ಒಂದು ವಿಷಯ ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು. ಮಳೆಗಾಲದಲ್ಲಿ ಇದನ್ನು ಎಲ್ಲಿಡುವುದು? ಜೊತೆಗೆ ಬಂದ ಚೀಲದಲ್ಲಿ ಹಾಕಿ ಕಪಾಟಿನಲ್ಲಿಟ್ಟರೆ ತೇವ ಅಲ್ಲೇ ಕೂತು, ಗಾಜಿನ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬುತ್ತದೆ. ಶಿರಸಿ ಕಡೆ ಜೂನ್‌ನಲ್ಲಿ ಇಟ್ಟದ್ದನ್ನು ಚೌತಿ ಹೊತ್ತಿಗೆ ತೆಗೆದವರಿಗೆ ಇದು ಗೊತ್ತು. ಒರೆಸಿ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್‌ನ ಬಣ್ಣ ಬದಲಾದರೆ ಹೊಸದು ಹಾಕಿ. ಕರಾವಳಿಯವರು ಇನ್ನೊಂದು ನೆನಪಿಡಿ: ಉಪ್ಪುಗಾಳಿ ಕೂತ ಗಾಜನ್ನು ಲುಂಗಿ ತುದಿಯಲ್ಲಿ ಉಜ್ಜಬೇಡಿ, ಗೀರು ಬೀಳುತ್ತದೆ. ಮೊದಲು ಸಿಹಿನೀರಲ್ಲಿ ತೊಳೆಯಿರಿ, ಆಮೇಲೆ ಮೆತ್ತನೆಯ ಬಟ್ಟೆಯಿಂದ ಒತ್ತದೆ ಒರೆಸಿ.