ಬ್ರೇಕ್-ಈವನ್ ಎಷ್ಟು ಅಂದರೆ ಮೂರು ಉತ್ತರ

ಶೇಲ್ ಅಂದರೆ ಎಣ್ಣೆ, ಗ್ಯಾಸ್ ಹಿಡಿದಿಟ್ಟುಕೊಂಡಿರುವ ಬಿಗಿಯಾದ ಪದರಗಲ್ಲು. ಅದರಲ್ಲಿ ಕೊರೆದ ಬಾವಿಗಳ ಲಾಭ-ನಷ್ಟದ ಲೆಕ್ಕ ಹಾಕುವುದು ನನ್ನ ಕೆಲಸ. ಎಣ್ಣೆ ಬೆಲೆ ಬಿದ್ದಾಗಲೆಲ್ಲ ಒಂದೇ ಪ್ರಶ್ನೆ ಬರುತ್ತದೆ: "ನಿಮ್ಮ ಬ್ರೇಕ್-ಈವನ್ ಎಷ್ಟು?" ಬ್ಯಾರೆಲ್‌ಗೆ ಎಷ್ಟು ಡಾಲರ್ ಸಿಕ್ಕರೆ ಹಾಕಿದ ದುಡ್ಡು ವಾಪಸ್ ಬರುತ್ತದೆ ಅಂತ ಅರ್ಥ. ಒಂದು ಸಲ ಒಂದೇ ಮೀಟಿಂಗ್‌ನಲ್ಲಿ, ಒಂದೇ ಜಾಗದ ಬಾವಿಗಳಿಗೆ ಮೂರು ಉತ್ತರ ಕೇಳಿದ್ದೆ. ಡ್ರಿಲ್ಲಿಂಗ್‌ನವರು 35 ಅಂದರು. ಹೂಡಿಕೆದಾರರಿಗೆ ಸ್ಲೈಡ್ ತಯಾರಿಸುವವರು 42 ಅಂದರು. ಹಣಕಾಸು ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಕನ್ನಡಕ ಒರೆಸಿಕೊಳ್ಳುತ್ತಾ 58 ಅಂದರು. ಯಾರೂ ಸುಳ್ಳು ಹೇಳಿರಲಿಲ್ಲ.

35ರಲ್ಲಿ ಇದ್ದದ್ದು ಕೊರೆಯುವ ಖರ್ಚು, ಫ್ರಾಕಿಂಗ್ ಖರ್ಚು (ನೀರನ್ನು ಜೋರಾಗಿ ಒತ್ತಿ ಕಲ್ಲಿನಲ್ಲಿ ಬಿರುಕು ಬಿಡಿಸಿ, ಅದು ಮುಚ್ಚದಂತೆ ಮರಳು ತುಂಬುವುದು), ಬಾವಿ ನಡೆಸುವ ಖರ್ಚು. ಅಷ್ಟೇ. 42ರಲ್ಲಿ ಟ್ಯಾಂಕು, ಪೈಪು, ನೀರಿನ ವ್ಯವಸ್ಥೆ ಮತ್ತು ಶೇಕಡಾ 10ರ ಗಳಿಕೆಯೂ ಸೇರಿತ್ತು. 58ಕ್ಕೆ ಬರುವ ಹೊತ್ತಿಗೆ ಜಾಗದ ಲೀಸಿಗೆ ಕೊಟ್ಟ ದುಡ್ಡು, ಆಫೀಸಿನ ಸಂಬಳ, ಸಾಲದ ಬಡ್ಡಿ ಎಲ್ಲವೂ ಒಳಗೆ ಬಂದಿತ್ತು. ಮೊದಲನೆಯದು ಅರ್ಧ ಲೆಕ್ಕ, ಕೊನೆಯದು ಪೂರ್ತಿ ಲೆಕ್ಕ. ನಾಳೆ ಇನ್ನೊಂದು ಬಾವಿ ಕೊರೆಯಬೇಕಾ ಅನ್ನುವುದಕ್ಕೆ ಅರ್ಧ ಲೆಕ್ಕವೇ ಸರಿ. ಯಾಕೆಂದರೆ ಲೀಸಿನ ದುಡ್ಡು ಆಗಲೇ ಹೋಗಿಯಾಗಿದೆ. ಕಂಪನಿ ಉಳಿಯುತ್ತಾ ಅಂತ ಕೇಳಿದರೆ ಪೂರ್ತಿ ಲೆಕ್ಕ ಬೇಕು. ಅರ್ಧ ಲೆಕ್ಕ ಹೇಳಿ ಪೂರ್ತಿ ಲೆಕ್ಕ ಮರೆತವರು ನಮ್ಮಲ್ಲಿ ಬಹಳ. 2020ರಲ್ಲಿ ವೈಟಿಂಗ್, ಚೆಸಪೀಕ್‌ನಂಥ ಅಮೆರಿಕದ ದೊಡ್ಡ ಶೇಲ್ ಕಂಪನಿಗಳೇ ದಿವಾಳಿ ಕಾನೂನಿನ ರಕ್ಷಣೆ ಕೇಳಿಕೊಂಡು ಕೋರ್ಟಿಗೆ ಹೋದವು. ಅವರ ಬಾವಿಗಳೇನೂ ಬತ್ತಿರಲಿಲ್ಲ. ಸಾಲ ಬತ್ತಿರಲಿಲ್ಲ, ಅದೇ ತೊಂದರೆ.

ಡಲ್ಲಾಸ್‌ನ ಫೆಡರಲ್ ರಿಸರ್ವ್ ಬ್ಯಾಂಕ್ ಕಂಪನಿಗಳನ್ನೇ ಕೇಳಿ ಸಮೀಕ್ಷೆ ಮಾಡುತ್ತದೆ. 2025ರ ಆರಂಭದಲ್ಲಿ ಬಂದ ಸರಾಸರಿ ಉತ್ತರ ಹೀಗಿತ್ತು: ಹೊಸ ಬಾವಿ ಕೊರೆದು ಲಾಭ ಮಾಡಲು ಸುಮಾರು 65 ಡಾಲರ್ ಬೇಕು, ಇರುವ ಬಾವಿ ನಡೆಸಿಕೊಂಡು ಹೋಗಲು 41 ಸಾಕು. ಈ 24 ಡಾಲರ್‌ಗಳ ನಡುವೆಯೇ ಶೇಲ್ ಉದ್ಯಮದ ಅರ್ಧ ತಲೆನೋವು ಇರುವುದು. ಬೆಲೆ 50 ಆದರೆ ಹಳೆ ಬಾವಿ ಯಾರೂ ಮುಚ್ಚುವುದಿಲ್ಲ, ಹೊಸದನ್ನು ಕೊರೆಯಲು ಮಾತ್ರ ಕೈ ಬರುವುದಿಲ್ಲ.

ಒಂದು ಲೆಕ್ಕ ಹಾಕೋಣ. ಇದು ಉದಾಹರಣೆಗೆ ನಾನೇ ಕಟ್ಟಿಕೊಂಡ ಬಾವಿ, ಆದರೆ ಅಳತೆ ಪಶ್ಚಿಮ ಟೆಕ್ಸಾಸ್‌ನ ಪರ್ಮಿಯನ್ ಎಣ್ಣೆ ಪ್ರದೇಶಕ್ಕೆ ಒಪ್ಪುವಂಥದ್ದು. ಖರ್ಚು 80 ಲಕ್ಷ ಡಾಲರ್. ಮಾರುಕಟ್ಟೆ ಬೆಲೆ 70 ಅಂದುಕೊಳ್ಳಿ. ಸಾಗಣೆಗೆ 2 ಡಾಲರ್ ಹೋಯಿತು, ಉಳಿದದ್ದು 68. ಅಮೆರಿಕದಲ್ಲಿ ನೆಲದಡಿಯ ಖನಿಜದ ಹಕ್ಕು ಬಹಳ ಕಡೆ ಖಾಸಗಿಯವರದು. ಅವರಿಗೆ ನಾಲ್ಕನೇ ಒಂದು ಭಾಗ ರಾಯಲ್ಟಿ. ಉಳಿದದ್ದು 51. ಟೆಕ್ಸಾಸ್ ಸರ್ಕಾರ ಎಣ್ಣೆಯ ಮೇಲೆ ಶೇಕಡಾ 4.6 ತೆರಿಗೆ ಹಾಕುತ್ತದೆ. ಬಾವಿ ನಡೆಸಲು ಬ್ಯಾರೆಲ್‌ಗೆ 9 ಡಾಲರ್. ಕೊನೆಗೆ ಕೈಗೆ ಬರುವುದು 40ಕ್ಕೆ ಸ್ವಲ್ಪ ಕಮ್ಮಿ. 80 ಲಕ್ಷ ವಾಪಸ್ ಬರಲು ಸುಮಾರು 2 ಲಕ್ಷ ಬ್ಯಾರೆಲ್ ಬೇಕು.

ಈಗ ಬೆಲೆ 50ಕ್ಕೆ ಇಳಿಸಿ. ಇದೇ ದಾರಿಯಲ್ಲಿ ಬಂದರೆ ಕೈಗೆ ಸಿಗುವುದು 25 ಡಾಲರ್ ಚಿಲ್ಲರೆ. ಬೇಕಾದದ್ದು 3 ಲಕ್ಷದ 16 ಸಾವಿರ ಬ್ಯಾರೆಲ್. ಬೆಲೆ ಬಿದ್ದದ್ದು ಶೇಕಡಾ 29 ಅಷ್ಟೇ. ದುಡ್ಡು ತೀರಿಸಲು ಬೇಕಾದ ಎಣ್ಣೆ ಮಾತ್ರ ಸುಮಾರು ಒಂದೂವರೆ ಪಟ್ಟು. ಇಷ್ಟಕ್ಕೇ ಮುಗಿಯಲಿಲ್ಲ. ಶೇಲ್ ಬಾವಿ ಮೊದಲ ವರ್ಷ 2 ಲಕ್ಷ ಕೊಟ್ಟರೆ ಎರಡನೇ ವರ್ಷ 80 ಸಾವಿರ ಕೊಡುತ್ತದೆ, ಮೂರನೇ ವರ್ಷ 50 ಸಾವಿರ. ಮೊದಲ ವರ್ಷದ ಇಳಿತವೇ ಶೇಕಡಾ 60-70 ಇರುವುದು ಮಾಮೂಲು. 70ರ ಬೆಲೆಯಲ್ಲಿ ಒಂದೇ ವರ್ಷಕ್ಕೆ ತೀರುತ್ತಿದ್ದ ದುಡ್ಡು 50ರಲ್ಲಿ ತೀರಲು ಮೂರು ವರ್ಷದ ಹತ್ತಿರ ಬೇಕು.

ಮೊದಲ ವರ್ಷದ ಎಣ್ಣೆಯೇ ಈ ಬಾವಿಯ ಕೆನೆ. ಹಳೆ ಕಾಲದ ಎಣ್ಣೆ ಬಾವಿ ಇಪ್ಪತ್ತು ವರ್ಷ ನಿಧಾನವಾಗಿ ಕೊಡುತ್ತಿತ್ತು. ನಡುವೆ ಬೆಲೆ ಎರಡು ಸಲ ಬಿದ್ದು ಎದ್ದರೂ ಸರಾಸರಿ ಸರಿಹೋಗುತ್ತಿತ್ತು. ಶೇಲ್‌ನಲ್ಲಿ ಆ ಸೌಕರ್ಯ ಇಲ್ಲ. ತಪ್ಪು ತಿಂಗಳಲ್ಲಿ ಬಾವಿ ತೆರೆದರೆ ಅತಿ ಒಳ್ಳೆಯ ಎಣ್ಣೆಯನ್ನು ಅತಿ ಕೆಟ್ಟ ಬೆಲೆಗೆ ಮಾರಿಕೊಂಡಂತೆ. ಹಾಗಾಗಿ ಬಾವಿ ಎಲ್ಲಿ ಅನ್ನುವಷ್ಟೇ ಬಾವಿ ಯಾವಾಗ ಅನ್ನುವುದೂ ನನಗೆ ಮುಖ್ಯ.

ಇಷ್ಟು ಓದಿದ ಮೇಲೆ ಶೇಲ್ ಅಂದರೆ ಬೆಲೆ ಜಾಸ್ತಿ ಇದ್ದಾಗಿನ ಆಟ ಅನ್ನಿಸಬಹುದು. ಆದರೆ ಅದು ಹುಟ್ಟಿದ್ದೇ ಅಗ್ಗದ ಕಾಲದಲ್ಲಿ. ಜಾರ್ಜ್ ಮಿಚೆಲ್ ಅವರ ಕಂಪನಿ 1981ರಿಂದ ಟೆಕ್ಸಾಸ್‌ನ ಬಾರ್ನೆಟ್ ಶೇಲ್ ಪದರಕ್ಕೆ ದುಡ್ಡು ಸುರಿಯುತ್ತಿತ್ತು. ಗ್ಯಾಸ್ ಬರುತ್ತಿತ್ತು, ಲಾಭ ಬರುತ್ತಿರಲಿಲ್ಲ. ಆಗ ಫ್ರಾಕಿಂಗ್ ನೀರನ್ನು ಗೋರಿಕಾಯಿ ಬೀಜದ ಗೋಂದು ಹಾಕಿ ಗಟ್ಟಿ ಮಾಡುತ್ತಿದ್ದರು. ಗೋಂದಿಗೆ ದುಡ್ಡು ಜಾಸ್ತಿ. ಗ್ಯಾಸ್ ಬೆಲೆ ಹತ್ತು ಲಕ್ಷ ಬಿಟಿಯುಗೆ (ಬಿಟಿಯು ಅಂದರೆ ಶಾಖದ ಅಳತೆ) 2 ಡಾಲರ್ ಆಸುಪಾಸು ಇದ್ದಾಗ ಆ ಖರ್ಚು ಹೊರೆಯಾಯಿತು. ಗೋಂದು ಬಿಟ್ಟು ಬರೀ ನೀರಿಗೆ ಜಾರಿಕೆ ತರುವ ಚೂರು ರಾಸಾಯನಿಕ ಬೆರೆಸಿ, ಸ್ವಲ್ಪ ಮರಳು ಸೇರಿಸಿ ಒತ್ತಿ ನೋಡಿದರು. 1998ರಲ್ಲಿ ಅದು ಕೆಲಸ ಮಾಡಿತು, ಗೋಂದಿಗಿಂತ ಚೆನ್ನಾಗಿಯೇ. ಖರ್ಚು ಉಳಿಸಲು ಹೊರಟವರಿಗೆ ಬಾವಿಯೇ ಬದಲಾಗಿ ಸಿಕ್ಕಿತು.

ಆದರೆ ಎಲ್ಲ ಉಳಿತಾಯವೂ ಈ ಜಾತಿಯದಲ್ಲ. 2014ರ ನವೆಂಬರ್‌ನಲ್ಲಿ ಎಣ್ಣೆ ರಫ್ತು ದೇಶಗಳ ಕೂಟ ಒಪೆಕ್ ಉತ್ಪಾದನೆ ಇಳಿಸುವುದಿಲ್ಲ ಅಂದಿತು. ಆ ವರ್ಷದ ಮಧ್ಯದಲ್ಲಿ 100 ಡಾಲರ್ ಮೇಲಿದ್ದ ಎಣ್ಣೆ 2016ರ ಫೆಬ್ರುವರಿಗೆ 26ಕ್ಕೆ ಬಂತು. ಅಮೆರಿಕದಲ್ಲಿ 1,600 ಇದ್ದ ಎಣ್ಣೆ ರಿಗ್‌ಗಳು, ಅಂದರೆ ಬಾವಿ ಕೊರೆಯುವ ಯಂತ್ರಗಳು, 316ಕ್ಕೆ ಇಳಿದವು. ಆ ಎರಡು ವರ್ಷದಲ್ಲಿ ಪ್ರತಿ ಕಂಪನಿಯೂ "ನಮ್ಮ ಬಾವಿ ಖರ್ಚು ಇಷ್ಟು ಇಳಿಸಿದ್ದೇವೆ" ಅಂತ ಬೀಗಿತು. ಬಿಡಿಸಿ ನೋಡಿದರೆ ಅದರಲ್ಲಿ ಬಹುಪಾಲು ರಿಗ್‌ನವರು, ಫ್ರಾಕಿಂಗ್ ಪಂಪ್‌ನವರು ಹೊಟ್ಟೆ ಕಟ್ಟಿಕೊಂಡು ಬಿಟ್ಟುಕೊಟ್ಟ ಬಾಡಿಗೆ. ಬೆಲೆ ಏರಿದ ಕೂಡಲೇ ಅವರು ಅದನ್ನು ವಾಪಸ್ ಕೇಳುತ್ತಾರೆ, ಕೇಳಲೇಬೇಕು. ನಾನು ಹಾಳೆಯಲ್ಲಿ ಎರಡು ಕಾಲಂ ಇಟ್ಟುಕೊಳ್ಳುತ್ತೇನೆ. ಒಂದು ಎರವಲು ಉಳಿತಾಯ, ಇನ್ನೊಂದು ಸ್ವಂತ ಉಳಿತಾಯ.

ಸ್ವಂತದ್ದು ಯಾವುದು? ಒಂದೇ ಪ್ಯಾಡಿನಲ್ಲಿ (ಬಾವಿ ಕೊರೆಯಲು ಸಮ ಮಾಡಿದ ಜಾಗ) ರಿಗ್ ಬಿಚ್ಚದೆ ಪಕ್ಕಕ್ಕೆ ಸರಿಸಿ ಮುಂದಿನ ಬಾವಿ ಕೊರೆಯುವುದು. ಅಡ್ಡ ಬಾವಿಯನ್ನು ಒಂದು ಮೈಲಿಯ ಬದಲು ಎರಡು ಅಥವಾ ಮೂರು ಮೈಲಿ ಎಳೆಯುವುದು. ನೆಟ್ಟಗೆ ಇಳಿಯುವ ಭಾಗದ ಖರ್ಚು ಎರಡಕ್ಕೂ ಒಂದೇ ಅಲ್ವಾ? ಎರಡು ಬಾವಿಗಳಿಗೆ ಒಟ್ಟಿಗೇ ಫ್ರಾಕ್ ಮಾಡುವುದು. ಡೀಸೆಲ್ ಬದಲು ಅಲ್ಲೇ ಸಿಗುವ ಗ್ಯಾಸಿನಲ್ಲಿ ಪಂಪ್ ಓಡಿಸುವುದು. ನನಗೆ ಇಷ್ಟವಾದದ್ದು ಮರಳಿನ ಕಥೆ. ಪಶ್ಚಿಮ ಟೆಕ್ಸಾಸ್‌ಗೆ ವಿಸ್ಕಾನ್ಸಿನ್‌ನಿಂದ ರೈಲಿನಲ್ಲಿ ಬಿಳಿ ಮರಳು ಬರುತ್ತಿತ್ತು. ಗಟ್ಟಿ, ದುಂಡನೆಯ, ಚಂದದ ಮರಳು. ಮರಳಿಗಿಂತ ಅದರ ಬಾಡಿಗೆಯೇ ಜಾಸ್ತಿ. 2017ರ ಹೊತ್ತಿಗೆ ಯಾರೋ ಕಾಲ ಕೆಳಗೇ ನೋಡಿದರು. ಪರ್ಮಿಯನ್‌ನ ದಿಬ್ಬಗಳ ಕಂದು ಮರಳು ಅಷ್ಟು ಗಟ್ಟಿಯಲ್ಲ, ಆದರೆ ಸಾಕು. ಸಾಕು ಅನ್ನುವ ಮಾತನ್ನು ಒಪ್ಪಿಕೊಳ್ಳಲು ಎಂಜಿನಿಯರುಗಳಿಗೆ ಬೆಲೆ ಬೀಳಬೇಕಾಯಿತು.

ಇನ್ನು ಅತಿ ದುಬಾರಿ ತಪ್ಪಿಗೆ ಬರೋಣ: ಬಾವಿಗಳನ್ನು ಒತ್ತೊತ್ತಾಗಿ ಹಾಕುವುದು.

ಒಂದು ಮೈಲಿ ಅಗಲದ ಜಾಗ ಇದೆ. 4 ಬಾವಿ ಹಾಕಿದರೆ ಒಂದೊಂದು 6 ಲಕ್ಷ ಬ್ಯಾರೆಲ್ ಕೊಡುತ್ತದೆ ಅಂದುಕೊಳ್ಳಿ, ಒಟ್ಟು 24 ಲಕ್ಷ. 8 ಹಾಕಿದರೆ ಒಂದರ ಎಣ್ಣೆ ಇನ್ನೊಂದು ಎಳೆಯುತ್ತದೆ. ತಲಾ 3 ಲಕ್ಷದ 75 ಸಾವಿರ, ಒಟ್ಟು 30 ಲಕ್ಷ. ಬಾವಿಗೆ ಮೊದಲಿನ 80 ಲಕ್ಷವೇ ಖರ್ಚು, ಬ್ಯಾರೆಲ್‌ಗೆ ಅದೇ 25 ಡಾಲರ್ ಚಿಲ್ಲರೆ ಅಂತ ಹಿಡಿದರೆ, ಬೆಲೆ 50 ಇದ್ದರೂ 8 ಬಾವಿಯ ಯೋಜನೆ ಕಾಗದದ ಮೇಲೆ ಲಾಭವನ್ನೇ ತೋರಿಸುತ್ತದೆ: 7 ಕೋಟಿ 60 ಲಕ್ಷ ಡಾಲರ್ ಬಂತು, 6 ಕೋಟಿ 40 ಲಕ್ಷ ಹೋಯಿತು. ಮೀಟಿಂಗ್‌ನಲ್ಲಿ ಎಲ್ಲರೂ ತಲೆ ಆಡಿಸುತ್ತಾರೆ. 4 ಬಾವಿಯದನ್ನೂ ಹಾಕಿ ನೋಡಿ. ಬಂದದ್ದು 6 ಕೋಟಿ ಚಿಲ್ಲರೆ, ಹೋದದ್ದು 3 ಕೋಟಿ 20 ಲಕ್ಷ. ಲಾಭ ಎರಡು ಪಟ್ಟಿಗಿಂತ ಜಾಸ್ತಿ! ಹೆಚ್ಚುವರಿ ನಾಲ್ಕು ಬಾವಿ ತಂದದ್ದು 6 ಲಕ್ಷ ಬ್ಯಾರೆಲ್ ಮಾತ್ರ, ಅದಕ್ಕೆ ಸುರಿದದ್ದು 3 ಕೋಟಿ 20 ಲಕ್ಷ. ಆ ದುಡ್ಡು ಬರೀ ತೀರಬೇಕಾದರೂ ಎಣ್ಣೆ 90 ಡಾಲರ್ ಹತ್ತಿರ ಇರಬೇಕು. ಸರಾಸರಿ ಅನ್ನುವುದು ಈ ನಾಲ್ಕು ಬಾವಿಗಳನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿರುತ್ತದೆ. 2019ರಲ್ಲಿ ಪರ್ಮಿಯನ್‌ನ ಒಂದು ಕಂಪನಿ ಒಂದೇ ಕಡೆ 23 ಬಾವಿ ಒತ್ತಾಗಿ ಹಾಕಿ, ನಿರೀಕ್ಷೆಯಷ್ಟು ಎಣ್ಣೆ ಬರಲಿಲ್ಲ ಅಂತ ಒಪ್ಪಿಕೊಂಡಿತು. ಷೇರು ಒಂದೇ ದಿನದಲ್ಲಿ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಬಿತ್ತು.

ಇದರದೇ ಇನ್ನೊಂದು ಮುಖ ಹಳೆ ಬಾವಿ ಪಕ್ಕದ ಹೊಸ ಬಾವಿ. ತಾಯಿ ಬಾವಿ, ಮರಿ ಬಾವಿ ಅನ್ನೋಣ. ತಾಯಿ ಎರಡು ವರ್ಷ ಎಳೆದ ಮೇಲೆ ಸುತ್ತಲಿನ ಕಲ್ಲಿನ ಒತ್ತಡ ಇಳಿದಿರುತ್ತದೆ. ಮರಿಯಲ್ಲಿ ಫ್ರಾಕ್ ಮಾಡಿದರೆ ಬಿರುಕು ಆ ಮೆತ್ತಗಿನ ಕಡೆಗೇ ಓಡುತ್ತದೆ. ನಾನೇ ಸಹಿ ಹಾಕಿದ ಒಂದು ಯೋಜನೆಯಲ್ಲಿ ಹೀಗಾಯಿತು. ಚೆನ್ನಾಗಿ ಕೊಡುತ್ತಿದ್ದ ತಾಯಿ ಬಾವಿಯಿಂದ ವಾರಗಟ್ಟಲೆ ಬರೀ ನೀರು ಬಂತು. ಮರಿಯೂ ಅರೆಹೊಟ್ಟೆ. ಬೆಲೆ ಕಡಿಮೆ ಇದೆ, ಸದ್ಯ ಒಂದೊಂದೇ ಕೊರೆಯೋಣ ಅನ್ನುವ ಎಚ್ಚರಿಕೆಯೇ ಅಲ್ಲಿ ಮುಳುವಾಗಿತ್ತು. ದುಡ್ಡು ಕಮ್ಮಿ ಇದ್ದರೆ ಒಂದು ಜಾಗವನ್ನು ಪೂರ್ತಿ ಮಾಡಿ ಇನ್ನೊಂದನ್ನು ಮುಟ್ಟದೆ ಬಿಡುವುದು ವಾಸಿ.

ಗ್ಯಾಸಿನ ವಿಷಯ ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಕಲ್ಲಿಗಿಂತ ಪೈಪ್‌ಲೈನ್ ಮುಖ್ಯ. ಪರ್ಮಿಯನ್‌ನಲ್ಲಿ ಗ್ಯಾಸ್ ಎಣ್ಣೆಯ ಜೊತೆ ತಾನಾಗಿ ಬರುತ್ತದೆ. ಸಾಗಿಸಲು ಪೈಪ್ ಸಾಲದಾದಾಗ ಅಲ್ಲಿನ ವಾಹಾ ಮಾರುಕಟ್ಟೆಯಲ್ಲಿ ಬೆಲೆ ಸೊನ್ನೆಗಿಂತ ಕೆಳಗಿಳಿದಿದೆ, 2019ರಲ್ಲೂ 2024ರಲ್ಲೂ. ಗ್ಯಾಸೂ ಕೊಟ್ಟು ದುಡ್ಡೂ ಕೊಡಬೇಕು. ಬರೀ ಗ್ಯಾಸ್ ನಂಬಿದ ಪೆನ್ಸಿಲ್ವೇನಿಯಾ ಕಡೆಯವರಿಗೆ ಬೇರೆ ದಾರಿ ಇದೆ. 2024ರ ಮಾರ್ಚ್‌ನಲ್ಲಿ ಅಮೆರಿಕದ ಗ್ಯಾಸ್ ಬೆಲೆಗೆ ಮಾನದಂಡವಾದ ಹೆನ್ರಿ ಹಬ್‌ನ ಸರಾಸರಿ ಬೆಲೆ ಹತ್ತು ಲಕ್ಷ ಬಿಟಿಯುಗೆ ಒಂದೂವರೆ ಡಾಲರ್ ಇತ್ತು. ಆಗ ಅಲ್ಲಿನ ಇಕ್ಯೂಟಿ (EQT) ಕಂಪನಿ ದಿನಕ್ಕೆ ಸುಮಾರು 100 ಕೋಟಿ ಘನ ಅಡಿ ಉತ್ಪಾದನೆ ತಡೆಹಿಡಿಯಿತು. ಗ್ಯಾಸ್ ಎಲ್ಲಿಗೂ ಓಡಿಹೋಗುವುದಿಲ್ಲ, ಕಲ್ಲಿನಲ್ಲೇ ಇರುತ್ತದೆ. ಅದಕ್ಕಿಂತ ಅಗ್ಗದ ಗೋದಾಮು ಇನ್ನೊಂದಿಲ್ಲ.

ಬೆಲೆಗೆ ವಿಮೆ ತೆಗೆದುಕೊಳ್ಳಬಹುದಲ್ಲ, ಹೆಡ್ಜಿಂಗ್ ಅಂತ? ತೆಗೆದುಕೊಳ್ಳಬೇಕು. ಆದರೆ ಅಗ್ಗದ ವಿಮೆಯ ಸಣ್ಣ ಅಕ್ಷರ ಓದಿ. ನಮ್ಮಲ್ಲಿ ಮೂರು ಕಾಲಿನ ಒಂದು ಹೆಡ್ಜ್ ಬಹಳ ಓಡಾಡಿತು. 50ಕ್ಕೆ ಕೆಳಗೆ ಬಿದ್ದರೆ ರಕ್ಷಣೆ, 60ರ ಮೇಲೆ ಹೋದರೆ ಲಾಭ ಬಿಟ್ಟುಕೊಡಬೇಕು. ಪ್ರೀಮಿಯಂ ಉಳಿಸಲು 40ರ ಕೆಳಗಿನ ರಕ್ಷಣೆಯನ್ನು ಮತ್ತೆ ಮಾರಿಬಿಡುವುದು. ಬೆಲೆ 45 ಆದರೆ 50 ಸಿಗುತ್ತದೆ, ಖುಷಿ. 30 ಆದರೆ ಸಿಗುವುದು 40 ಮಾತ್ರ. ಸಾಧಾರಣ ಮಳೆಗೆ ಬಿಚ್ಚಿಕೊಂಡು ಜೋರು ಮಳೆಗೆ ಮಡಚಿಕೊಳ್ಳುವ ಕೊಡೆ ಇದು. 2020ರ ಏಪ್ರಿಲ್ 20ರಂದು ಮೇ ತಿಂಗಳಲ್ಲಿ ಕೈಸೇರಬೇಕಾದ ಡಬ್ಲ್ಯುಟಿಐ (ಅಮೆರಿಕದ ಮಾನದಂಡ ಎಣ್ಣೆ) ಒಪ್ಪಂದದ ಬೆಲೆ ಮೈನಸ್ 37.63 ಡಾಲರ್‌ಗೆ ಮುಗಿಯಿತು. ಅವತ್ತು ಎಷ್ಟು ಜನ ಈ ಕೊಡೆ ಹಿಡಿದು ನಿಂತಿದ್ದರೋ.

ಅದೇ ವಸಂತದಲ್ಲಿ ನಮ್ಮ ಕೈಯಲ್ಲಿ ಆರು ಬಾವಿಗಳಿದ್ದವು. ಕೊರೆದಾಗಿತ್ತು, ಫ್ರಾಕ್ ಆಗಿರಲಿಲ್ಲ. ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಫ್ರಾಕಿಂಗ್‌ನದೇ, ಅದು ಇನ್ನೂ ಕೈಯಲ್ಲೇ ಇತ್ತು. ಪಂಪ್‌ನವರು ಹಿಂದೆಂದೂ ಕಾಣದ ದರ ಹೇಳುತ್ತಿದ್ದರು. ನನ್ನ ಜೊತೆಗಿದ್ದ ಹುಡುಗ "ಸರ್, ಇಷ್ಟು ಅಗ್ಗಕ್ಕೆ ಮತ್ತೆ ಸಿಗಲ್ಲ" ಅಂದ. ಅವನ ಮಾತು ನಿಜವೇ. ಆದರೆ ಫ್ರಾಕ್‌ನಲ್ಲಿ ಉಳಿಯುವುದು ಒಂದು ಸಲದ ದುಡ್ಡು, ಮೊದಲ ವರ್ಷದ 2 ಲಕ್ಷ ಬ್ಯಾರೆಲ್ ಹೋಗುವುದು 20-30 ಡಾಲರ್‌ಗೆ. ಐದು ಬಾವಿಗಳನ್ನು ಹಾಗೇ ಬಿಟ್ಟೆವು. ಒಂದು ವರ್ಷ ಕಳೆದು, ಎಣ್ಣೆ 60 ದಾಟಿದಾಗ, ಜಾಸ್ತಿ ದರ ಕೊಟ್ಟೇ ಫ್ರಾಕ್ ಮಾಡಿಸಿದೆವು.

ಆರನೆಯದರ ಲೀಸಿನಲ್ಲಿ ಒಂದು ಷರತ್ತು ಇತ್ತು. ಇಂತಿಷ್ಟು ದಿನದೊಳಗೆ ಎಣ್ಣೆ ತೆಗೆಯದಿದ್ದರೆ ಜಾಗ ಕೈಬಿಡುತ್ತದೆ. ಹಾಗಾಗಿ ಅದನ್ನು 2020ರ ಮೇ ತಿಂಗಳಲ್ಲೇ ತೆರೆದೆವು. ಕಲ್ಲು ಅದೇ, ಉದ್ದ ಅದೇ, ಮರಳೂ ಅದೇ. ಫ್ರಾಕ್ ಆರರಲ್ಲೇ ಅತಿ ಅಗ್ಗ. ಐದೂ ದುಡ್ಡು ತೀರಿಸಿ ಲಾಭದಲ್ಲಿವೆ, ಆ ಒಂದು ಇನ್ನೂ ತೀರಿಸುತ್ತಲೇ ಇದೆ.