ಹೆಚ್ಚಿಸಬೇಡಿ ಅಂದರೆ ಹೆಚ್ಚಿಸಬೇಡಿ

ಜನವರಿ ಮೂರನೇ ವಾರ ಬಂತು ಅಂದರೆ ನನ್ನ ಕೋಣೆಯಲ್ಲಿ ಒಂದು ಮಾತು ಖಂಡಿತ ಕೇಳಿಬರುತ್ತದೆ. "ಮೇಡಂ, ಹೊಸ ವರ್ಷಕ್ಕೆ ನೀವು ಹೇಳಿದ ಗುರಿ ತೀರಾ ಸುಲಭ ಅನ್ನಿಸ್ತು, ಅದಕ್ಕೆ ಸ್ವಲ್ಪ ಹೆಚ್ಚಿಸ್ಕೊಂಡೆ." ಸ್ವಲ್ಪ ಅಂದರೆ ಎಷ್ಟು ಅಂತ ಕೇಳುತ್ತೇನೆ. ಎರಡು ನಿಮಿಷ ಇದ್ದದ್ದು ನಲವತ್ತು ನಿಮಿಷ ಆಗಿರುತ್ತದೆ. ಆಮೇಲೆ ಅವರು ಕಿಟಕಿ ಕಡೆ ನೋಡುತ್ತಾ ಸಣ್ಣ ದನಿಯಲ್ಲಿ ಎರಡನೇ ಮಾತು ಹೇಳುತ್ತಾರೆ. "ಆದ್ರೆ ನಾಲ್ಕು ದಿನದಿಂದ ಯಾಕೋ ಆಗ್ತಿಲ್ಲ."

ಯಾಕೋ ಅಂತೆ! ಯಾಕೆ ಅಂತ ನನಗೂ ಗೊತ್ತು, ಅವರಿಗೂ ಗೊತ್ತು.

ನಾನು ಆಪ್ತಸಮಾಲೋಚಕಿ. ಕೆಲಸ ಮಾಡಿ ಮಾಡಿ ಸುಸ್ತಾಗಿ, ಸುಸ್ತಾಗಿದೆ ಅಂತ ಹೇಳುವುದಕ್ಕೂ ಸುಸ್ತಾದವರೇ ನನ್ನ ಹತ್ತಿರ ಜಾಸ್ತಿ ಬರುವುದು. ಬರ್ನ್‌ಔಟ್ ಅನ್ನುವ ಪದ ಈಗ ಎಲ್ಲರ ಬಾಯಲ್ಲೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿಕೊಂಡ ತನ್ನ ಕಾಯಿಲೆಗಳ ವರ್ಗೀಕರಣದ ಪಟ್ಟಿಯಲ್ಲಿ ಅದನ್ನು ಕಾಯಿಲೆ ಅಂತ ಕರೆದಿಲ್ಲ, ಕೆಲಸದಿಂದ ಬರುವ ಒಂದು ಸ್ಥಿತಿ ಅಂತ ಬರೆದಿದೆ. ಶಕ್ತಿ ಬತ್ತಿಹೋಗುವುದು, ಕೆಲಸ ಅಂದರೆ ಜಿಗುಪ್ಸೆ ಬರುವುದು, ಏನು ಮಾಡಿದರೂ ಕೈಗೆ ಹತ್ತುತ್ತಿಲ್ಲ ಅನ್ನಿಸುವುದು, ಈ ಮೂರು ಅದರ ಗುರುತು. ಆ ಪಟ್ಟಿಯ ಪ್ರಕಾರ ಕೆಲಸದ ಆಚೆಗಿನ ಬದುಕಿಗೆ ಈ ಪದ ಬಳಸುವ ಹಾಗೇ ಇಲ್ಲ. ಸರಿ, ಒಪ್ಪೋಣ. ಆದರೆ ಹವ್ಯಾಸವನ್ನೇ ಕಚೇರಿ ಮಾಡಿಕೊಂಡು ಕೂತವರನ್ನು ಏನಂತ ಕರೆಯೋದು ಅಂತ ಯಾರಾದರೂ ಹೇಳಿ.

ಡಿಸೆಂಬರ್ ಕೊನೆಯಲ್ಲಿ ಬರುವವರಿಗೆ ನಾನು ದೊಡ್ಡ ಸಂಕಲ್ಪ ಮಾಡಿಸುವುದಿಲ್ಲ. ಒಂದು ಆಟದ ಗುರಿ ಇಟ್ಟುಕೊಳ್ಳಿ ಅನ್ನುತ್ತೇನೆ. ಯಾವ ಉಪಯೋಗಕ್ಕೂ ಬಾರದ್ದಾದರೆ ಇನ್ನೂ ಒಳ್ಳೆಯದು. ಎರಡು ಚೆಂಡು ಎಸೆದು ಹಿಡಿಯುವುದು, ಸಿಳ್ಳೆ ಹಾಕುವುದನ್ನು ಕಲಿಯುವುದು, ದಿನಕ್ಕೊಂದು ಮೋಡಕ್ಕೆ ಹೆಸರಿಡುವುದು, ಹೀಗೆ ಏನಾದರೂ. ಅಳತೆ ಬೇಕೇ ಬೇಕು ಅಂದರೆ ಎರಡು ನಿಮಿಷ. ಇದು ಎಲ್ಲರಿಗೂ ಅರ್ಥವಾಗುತ್ತದೆ, ನಗುತ್ತಾ ಒಪ್ಪುತ್ತಾರೆ. ಅರ್ಥವಾಗದ್ದು ಒಂದೇ. ಚಿಕ್ಕದು ಅಂದರೆ ಚಿಕ್ಕದೇ. ದೊಡ್ಡದಕ್ಕೆ ಹತ್ತುವ ಮೊದಲ ಮೆಟ್ಟಿಲು ಅಂತ ನಾನು ಎಲ್ಲೂ ಹೇಳಿರುವುದಿಲ್ಲ.

ಒಬ್ಬರ ವಿಷಯ ಹೇಳುತ್ತೇನೆ (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ). ಲೆಕ್ಕಪತ್ರದ ಕೆಲಸ ಮಾಡುವ ಹೆಂಗಸು. ಚಿಕ್ಕವಯಸ್ಸಲ್ಲಿ ಚಿತ್ರ ಬರೆಯುತ್ತಿದ್ದರು, ಆಮೇಲೆ ಬಿಟ್ಟುಹೋಗಿತ್ತು. ಕಿಟಕಿಯಿಂದ ಕಾಣುವುದನ್ನು ದಿನಕ್ಕೆ ಎರಡು ನಿಮಿಷ ಬರೆಯುವುದು ಅಂತ ಇಬ್ಬರೂ ಸೇರಿ ತೀರ್ಮಾನ ಮಾಡಿದೆವು. ಹದಿನೈದು ದಿನ ಬಿಟ್ಟು ಪುಸ್ತಕ ತಂದರು. ಮೊದಲ ನಾಲ್ಕು ಪುಟ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಒಂದು ಬಕೆಟ್ಟಿಗೆ ಕಣ್ಣು ಮೂಗು ಬರೆದಿದ್ದರು, ಪಕ್ಕದ ಪುಟದಲ್ಲಿ ಅದೇ ಬಕೆಟ್ಟು ಸಿಟ್ಟು ಮಾಡಿಕೊಂಡಿತ್ತು. ಐದನೇ ಪುಟದಿಂದ ಸ್ಕೇಲ್ ಇಟ್ಟು ಗೆರೆ ಎಳೆದಿದ್ದರು. ತಾರೀಖು, ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು, ವಿಷಯ, ಹತ್ತಕ್ಕೆ ಎಷ್ಟು ಅಂಕ. ಒಂಬತ್ತನೇ ತಾರೀಖಿನ ಪಾರಿವಾಳದ ಎದುರು ಕೆಂಪು ಶಾಯಿಯಲ್ಲಿ '4' ಅಂತ ಇತ್ತು. ಕೆಳಗೆ ಷರಾ: 'ಕಾಲು ಸರಿಯಾಗಿ ಬಂದಿಲ್ಲ.' ಹನ್ನೊಂದರ ನಂತರ ಗೆರೆಗಳು ಮಾತ್ರ ಇದ್ದವು. ಚಿತ್ರವೇ ಇಲ್ಲ, ಖಾಲಿ ಕಾಲಂ.

ಆ ಬಕೆಟ್ ಬರೆದವರು ಎಲ್ಲಿ ಹೋದರು ಅಂತ ಕೇಳಿದೆ. ಅವರಿಗೆ ತಕ್ಷಣ ಅರ್ಥವಾಯಿತು, ಕಣ್ಣಲ್ಲಿ ನೀರೂ ಬಂತು.

1973ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಒಂದು ಶಿಶುವಿಹಾರದಲ್ಲಿ ಮಾಡಿದ ಪ್ರಯೋಗ ನನಗೆ ಆಗ ನೆನಪಾಯಿತು. ಚಿತ್ರ ಬರೆಯುವುದು ಇಷ್ಟ ಅಂತ ಮೊದಲೇ ಗೊತ್ತಿದ್ದ ಮಕ್ಕಳನ್ನೇ ಅವರು ಆರಿಸಿಕೊಂಡರು. ಕೆಲವರಿಗೆ 'ಬರೆದರೆ ಪ್ರಮಾಣಪತ್ರ ಕೊಡ್ತೀವಿ' ಅಂತ ಮುಂಚೆಯೇ ಹೇಳಿದರು, ಚಿನ್ನದ ಬಣ್ಣದ ಮುದ್ರೆ, ರಿಬ್ಬನ್ ಎಲ್ಲಾ ಇದ್ದ ಪ್ರಮಾಣಪತ್ರ. ಕೆಲವರಿಗೆ ಹೇಳದೆ ಆಮೇಲೆ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರದ ನಂತರ ಮಕ್ಕಳನ್ನು ಅವರ ಪಾಡಿಗೆ ಆಡಲು ಬಿಟ್ಟಾಗ, ಬಹುಮಾನ ಸಿಗುತ್ತದೆ ಅಂತ ಮುಂಚೆಯೇ ಕೇಳಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಹೇಳದೆ ಬಹುಮಾನ ಪಡೆದವರಿಗೆ ಏನೂ ಆಗಿರಲಿಲ್ಲ. ಅಂದರೆ ಬಹುಮಾನ ಕೆಟ್ಟದ್ದು ಅಂತಲ್ಲ, ಅದಕ್ಕೋಸ್ಕರ ಬರೆಯುತ್ತಿದ್ದೇನೆ ಅಂತ ಮಗುವಿನ ತಲೆಗೆ ಹೋದದ್ದೇ ಎಡವಟ್ಟು. ನಮ್ಮ ಲೆಕ್ಕದ ಮೇಡಂ ತಾವೇ ಮಗು, ತಾವೇ ಮುದ್ರೆ ಒತ್ತುವವರು ಎರಡೂ ಆಗಿಬಿಟ್ಟಿದ್ದರು.

ಈಗ ಹೆಚ್ಚಿಸುವ ವಿಷಯಕ್ಕೆ ಬರುತ್ತೇನೆ. ಇದನ್ನು ಎಷ್ಟು ಸಲ ಹೇಳಿದ್ದೇನೋ, ಮತ್ತೆ ಹೇಳುತ್ತೇನೆ, ಬೇಜಾರಾದರೆ ಕ್ಷಮಿಸಿ.

ಗುರಿಯ ಅಳತೆಯನ್ನು ಕೆಟ್ಟ ದಿನಕ್ಕೆ ಹೊಂದಿಸಿ ಇಡಬೇಕು. ತಡವಾಗಿ ಮನೆಗೆ ಬಂದ ದಿನ, ಮಗುವಿಗೆ ಜ್ವರ ಬಂದ ದಿನ, ಯಾರದ್ದೋ ಮಾತು ಮನಸ್ಸಿಗೆ ಚುಚ್ಚಿದ ದಿನ. ಅವತ್ತೂ ಬೇಸರವಿಲ್ಲದೆ ಆಗುವಷ್ಟು ಇಟ್ಟರೆ ಸಾಕು. ಒಳ್ಳೆಯ ದಿನ ಬಂದಾಗ ಒಂದು ಗಂಟೆ ಬೇಕಾದರೂ ಮಾಡಿ, ನನ್ನ ತಕರಾರಿಲ್ಲ. ಆದರೆ ಮಾರನೇ ದಿನದ ಗುರಿ ಮತ್ತೆ ಎರಡೇ ನಿಮಿಷ. ನಿನ್ನೆ ಒಂದು ಗಂಟೆ ಆಯಿತಲ್ಲ ಅಂತ ಇವತ್ತಿನ ಗುರಿಯನ್ನು ಅರ್ಧ ಗಂಟೆಗೆ ಏರಿಸುವ ಹಾಗಿಲ್ಲ. ಮಾಡುವುದು ಏರಿಳಿಯಲಿ, ಗುರಿ ಕದಲಬಾರದು. ಜನ ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ, ಎಡವುವುದು ಅಲ್ಲೇ. ಏರಿಸಿದಿರಿ ಅಂದರೆ ಏನಾಗುತ್ತದೆ ಗೊತ್ತಾ? ಭಾನುವಾರ ಬೆಳಿಗ್ಗೆ ಚೆನ್ನಾಗಿ ನಿದ್ದೆ ಮಾಡಿ ಎದ್ದ ನೀವು, ಗುರುವಾರ ರಾತ್ರಿ ಸೋತು ಮನೆಗೆ ಬರುವ ನಿಮಗೆ ಆಜ್ಞೆ ಹೊರಡಿಸಿದ ಹಾಗೆ ಆಗುತ್ತದೆ. ಗುರುವಾರದವರ ಕಷ್ಟ ಭಾನುವಾರದವರಿಗೆ ಕಾಣಿಸುವುದೇ ಇಲ್ಲ.

'ನನ್ನ ಕೆಟ್ಟ ದಿನ ಹೇಗಿರುತ್ತೆ ಅಂತ ನಂಗೊತ್ತಿಲ್ವಾ ಮೇಡಂ' ಅನ್ನುವವರಿದ್ದಾರೆ. ಗೊತ್ತಿರುವುದಿಲ್ಲ. 1994ರಲ್ಲಿ ಬ್ಯೂಲರ್, ಗ್ರಿಫಿನ್ ಮತ್ತು ರಾಸ್ ಎಂಬ ಸಂಶೋಧಕರು ಪ್ರಬಂಧ ಬರೆಯುತ್ತಿದ್ದ ಕಾಲೇಜು ವಿದ್ಯಾರ್ಥಿಗಳನ್ನು ಯಾವಾಗ ಮುಗಿಸುತ್ತೀರಿ ಅಂತ ಕೇಳಿದರು. ಸರಾಸರಿ 34 ದಿನ ಅಂದರು. ಎಲ್ಲವೂ ಕೈಕೊಟ್ಟರೆ ಎಷ್ಟಾಗಬಹುದು ಅಂದಾಗ ಸುಮಾರು 49 ಅಂದರು. ಕೊನೆಗೆ ಹಿಡಿದದ್ದು ಸುಮಾರು 55 ದಿನ. ಎಲ್ಲವೂ ಕೈಕೊಟ್ಟರೆ ಅಂತ ಊಹಿಸಿದ್ದಕ್ಕಿಂತಲೂ ಜಾಸ್ತಿ! ಆದ್ದರಿಂದ ನಿಮ್ಮ ಕೆಟ್ಟ ದಿನಕ್ಕೆ ಐದು ನಿಮಿಷ ಸರಿ ಅನ್ನಿಸಿದರೆ ಎರಡು ಅಂತ ಬರೆದುಕೊಳ್ಳಿ.

ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಅಂತ ಗಾದೆ ಇದೆಯಲ್ಲ, ಹೊಸ ವರ್ಷ ಅಂದರೆ ನಾವೆಲ್ಲ ಅದೇ. ಆ ಹುರುಪು ಸುಳ್ಳಲ್ಲ. ವಾರ, ತಿಂಗಳು, ವರ್ಷ ಏನೇ ಹೊಸದಾಗಿ ಶುರುವಾದರೂ ಜನರಲ್ಲಿ ಉತ್ಸಾಹ ಏರುತ್ತದೆ ಅಂತ ಅಧ್ಯಯನ ಮಾಡಿದವರೂ ತೋರಿಸಿದ್ದಾರೆ. ಹುರುಪು ಬರಲಿ, ಸಂತೋಷ. ಅದು ಇರುವಾಗ ಅದರ ಮಾತು ಕೇಳಿ ಗುರಿ ಬರೆಯಬೇಡಿ ಅಷ್ಟೇ.

ಒಂದು ದಿನ ತಪ್ಪಿದಾಗ ನಡೆಯುವ ನಾಟಕ ಬೇರೆಯೇ. ಮುಳುಗಿದವನಿಗೆ ಚಳಿಯೇನು ಮಳೆಯೇನು ಅಂತ ಇಡೀ ತಿಂಗಳನ್ನೇ ಕೈಬಿಡುತ್ತಾರೆ. 21 ದಿನ ಬಿಡದೆ ಮಾಡಿದರೆ ಅಭ್ಯಾಸ ಆಗುತ್ತದೆ ಅನ್ನುವ ನಂಬಿಕೆಯೂ ಇದಕ್ಕೆ ತುಪ್ಪ ಸುರಿಯುತ್ತದೆ. ಆ 21ರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್. ತಮ್ಮ ರೋಗಿಗಳು ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆ ಅಂದರೂ ಅಷ್ಟು ದಿನ ಬೇಕಾಗುತ್ತದೆ ಅಂತ 1960ರಲ್ಲಿ ಬರೆದಿದ್ದರು. 'ಕಡಿಮೆ ಅಂದರೂ' ಅನ್ನುವುದು ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದಾಗ ಕಂಡದ್ದು ಬೇರೆ ಲೆಕ್ಕ. ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಬೇಕಾಗಬಹುದು ಅಂತ ಅಂದಾಜು, ನಡುವಿನ ಸಂಖ್ಯೆ 66. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಇನ್ನೊಂದು. ನಡುವೆ ಒಂದು ಸಲ ತಪ್ಪಿದರೆ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ. ಇದನ್ನು ಹೇಳಿದಾಗ ಜನ ನಂಬುವುದೇ ಇಲ್ಲ, ಸುಮ್ನೆ ಸಮಾಧಾನಕ್ಕೆ ಹೇಳ್ತಿದೀರಿ ಅನ್ನುತ್ತಾರೆ.

ಒಬ್ಬ ಗಂಡಸು ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಮಲಗುವ ಕೋಣೆಯಲ್ಲಿ ಕತ್ತಲಲ್ಲೇ ಅತ್ತಿಂದಿತ್ತ ನಡೆಯುತ್ತಿದ್ದರಂತೆ. ಹತ್ತು ಸಾವಿರ ಹೆಜ್ಜೆಗೆ ಇನ್ನು ಆರುನೂರು ಬಾಕಿ. ಮಂಚದ ಕಾಲಿಗೆ ಹೆಬ್ಬೆರಳು ಬಡಿದು ಕೂಗಿಕೊಂಡರು, ಹೆಂಡತಿ ಎದ್ದು ದೀಪ ಹಾಕಿ ಕೇಳಿದ್ದು ಒಂದೇ ಪ್ರಶ್ನೆ: "ಈ ನಡಿಗೆ ಯಾರಿಗೋಸ್ಕರ ರೀ?" ಆ ಪ್ರಶ್ನೆಯನ್ನು ನಾನು ಆಮೇಲೆ ಎಷ್ಟೋ ಜನರ ಮೇಲೆ ಪ್ರಯೋಗಿಸಿದ್ದೇನೆ. ಅಂದಹಾಗೆ ಆ ಹತ್ತು ಸಾವಿರ ಯಾವ ವೈದ್ಯರೂ ಬರೆದುಕೊಟ್ಟದ್ದಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದಕ್ಕೆ 'ಮಾನ್‌ಪೊ-ಕೇ' ಅಂತ ಹೆಸರಿಟ್ಟಿದ್ದರು, ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತ ಅರ್ಥ. ಹೆಸರು ಜನಪ್ರಿಯವಾಯಿತು, ಸಂಖ್ಯೆ ನಮ್ಮ ಕಾಲಿಗೆ ಗಂಟುಬಿತ್ತು. ನಡೆಯುವುದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಬ್ಬೆರಳು ಊದಿಸಿಕೊಂಡು ಮುಗಿಸಬೇಕಾದ ಬಾಕಿ ಅಲ್ಲ.

ಇನ್ನೊಂದು ಸಣ್ಣ ವಿಷಯ. 'ಬಿಡುತ್ತೇನೆ' ಅನ್ನುವುದಕ್ಕಿಂತ 'ಮಾಡುತ್ತೇನೆ' ಅನ್ನುವ ಗುರಿ ಸ್ವಲ್ಪ ವಾಸಿ. ಸ್ವೀಡನ್ನಿನಲ್ಲಿ ಹೊಸ ವರ್ಷದ ಸಂಕಲ್ಪ ಮಾಡಿದ 1066 ಜನರನ್ನು ವರ್ಷವಿಡೀ ವಿಚಾರಿಸುತ್ತಾ ಹೋದ ಅಧ್ಯಯನ 2020ರಲ್ಲಿ ಬಂತು. ಏನನ್ನಾದರೂ ಮಾಡುವ ಗುರಿ ಇಟ್ಟವರಲ್ಲಿ ಶೇ 59ರಷ್ಟು ಜನ, ಬಿಡುವ ಗುರಿ ಇಟ್ಟವರಲ್ಲಿ ಶೇ 47ರಷ್ಟು ಜನ ತಾವು ಗೆದ್ದೆವು ಅಂದರು. ಅವರವರೇ ಹೇಳಿಕೊಂಡದ್ದು, ಹಾಗಾಗಿ ಇದನ್ನು ವೇದವಾಕ್ಯ ಮಾಡಿಕೊಳ್ಳಬೇಡಿ.

ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಎರಡು ವಾರಕ್ಕಿಂತ ಜಾಸ್ತಿ ದಿನದಿಂದ ಯಾವುದರಲ್ಲೂ ಖುಷಿ ಇಲ್ಲ, ನಿದ್ದೆ ಊಟ ಎಲ್ಲಾ ಕೆಟ್ಟಿದೆ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಇಲ್ಲಿ ಹೇಳಿದ ಆಟ ಅದಕ್ಕೆ ಮದ್ದಲ್ಲ, ವೈದ್ಯರನ್ನು ಕಾಣಿ, ತಡಮಾಡಬೇಡಿ. ಔಷಧಿ, ವೈದ್ಯರು ಹೇಳಿದ ವ್ಯಾಯಾಮ, ಕುಡಿತ ಬಿಡುವುದು, ಇವುಗಳ ಅಳತೆಯನ್ನೂ ನೀವೇ ಚಿಕ್ಕದು ಮಾಡಿಕೊಳ್ಳುವ ಹಾಗಿಲ್ಲ. ಕೆಲಸದ ಜಾಗದಲ್ಲೇ ಹೊರೆ ಮಿತಿಮೀರಿದ್ದರೆ ಸಿಳ್ಳೆ ಹಾಕಿದರೆ ಅದು ಇಳಿಯುವುದಿಲ್ಲ, ಅಲ್ಲಿ ಮಾತಾಡಬೇಕಾದದ್ದು ಮೇಲಧಿಕಾರಿ ಜೊತೆ. ನನ್ನ ಹತ್ತಿರ ಬರುವವರಲ್ಲಿ ಇದನ್ನು ಒಪ್ಪಿಕೊಳ್ಳಲು ತಿಂಗಳುಗಟ್ಟಲೆ ತೆಗೆದುಕೊಂಡವರಿದ್ದಾರೆ. ತಪ್ಪು ತಮ್ಮದೇ ಇರಬೇಕು ಅಂದುಕೊಳ್ಳುವುದು ಅವರಿಗೆ ಅಷ್ಟು ಅಭ್ಯಾಸವಾಗಿರುತ್ತದೆ.

ಇಷ್ಟೆಲ್ಲ ಹೇಳುವ ನಾನೇನು ಸಾಚಾ ಅಲ್ಲ. ಕೆಲವು ವರ್ಷದ ಹಿಂದೆ ಒಂದು ಮೌತ್ ಆರ್ಗನ್ ತಗೊಂಡೆ. ದಿನಕ್ಕೆ ಒಂದು ಸಲ ಊದಿದರೆ ಸಾಕು, ರಾಗ ಬರಲಿ ಬಿಡಲಿ ಅಂತ. ಒಂದು ವಾರ ಎಷ್ಟು ಮಜಾ ಇತ್ತು ಅಂದರೆ ಮನೆಯವರೆಲ್ಲ ಬಾಗಿಲು ಹಾಕಿಕೊಳ್ಳುತ್ತಿದ್ದರು. ಎಂಟನೇ ದಿನ ತಿಂಗಳಿಗೆ ಎರಡು ಹಾಡು ಕಲಿಯಬೇಕು ಅಂತ ಗೋಡೆಗೆ ಚೀಟಿ ಅಂಟಿಸಿದೆ. ಚೀಟಿ ಇನ್ನೂ ಇದೆ. ಮೌತ್ ಆರ್ಗನ್ ಯಾವ ಡ್ರಾಯರಿನಲ್ಲಿದೆ ಅಂತ ನೆನಪಿಲ್ಲ.

ಲೆಕ್ಕದ ಮೇಡಂ ಆ ಪುಸ್ತಕ ಮುಚ್ಚಿಟ್ಟು, ಬಳಸಿ ಬಿಸಾಡುವ ಲಕೋಟೆಗಳ ಹಿಂಬದಿಯಲ್ಲಿ ಬರೆಯಲು ಶುರು ಮಾಡಿದರು. ಲಕೋಟೆಗೆ ಕಾಲಂ ಎಳೆಯಲು ಮನಸ್ಸು ಬರಲ್ಲ ಮೇಡಂ ಅಂತ ಅವರೇ ಕಂಡುಕೊಂಡ ಉಪಾಯ. ಮಾರ್ಚಿನಲ್ಲಿ ಒಂದು ಮೆಸೇಜ್ ಬಂತು. ಫೋಟೊದಲ್ಲಿ ಒಂದು ಪಾರಿವಾಳ, ಕಾಲಿಗೆ ಎರಡು ದೊಡ್ಡ ಬೂಟು ಹಾಕಿದ್ದರು. ಕೆಳಗೆ 'ನಿಮಿಷ ಹೆಚ್ಚಿಸಿಲ್ಲ ಮೇಡಂ, ಪ್ರಮಾಣ' ಅಂತ ಇತ್ತು. ಭೇಷ್ ಅಂತ ಬರೆಯುತ್ತಿದ್ದೆ, ಅಷ್ಟರಲ್ಲಿ ಇನ್ನೊಂದು ಬಂತು.

'ಆದ್ರೆ ಬೇರೆ ಹೊಸ ಗುರಿ ಸೇರಿಸ್ಕೊಂಡಿದೀನಿ, ಪರವಾಗಿಲ್ಲ ಅಲ್ವಾ?'

ಎಷ್ಟು ಅಂತ ಕೇಳಿದೆ.

'ನಾಲ್ಕು.'